ಸರ್ವರ್ ಡೌನ್ ಇದ್ದಾಗ ಮಾಡುವ ಕೆಲಸ

ಸರ್ಕಾರಿ ಕಚೇರಿಯಲ್ಲಿ ಬಿಡುವಿನ ಸದುಪಯೋಗ ಎಂದೊಡನೆ ಹೊರಗಿನವರು ನಗುತ್ತಾರೆ. ಅವರ ಕಣ್ಣಿಗೆ ಅಲ್ಲಿ ಬಿಡುವಲ್ಲದೆ ಬೇರೇನೂ ಇಲ್ಲ. ಒಳಗಿನವರೂ ನಗುತ್ತಾರೆ, ಊಟಕ್ಕೇ ಪುರುಸೊತ್ತಿಲ್ಲ ಎಂಬುದು ಅವರ ಮಾತು. ಎರಡೂ ಅರ್ಧ ಸತ್ಯ. ಕಿತ್ತೂರು ಕರ್ನಾಟಕದ ತಾಲೂಕು ಕಚೇರಿಗಳಲ್ಲಿ, ಅದರಲ್ಲೂ ಬಹುಕಾಲ ರೆಕಾರ್ಡ್ ರೂಮಿನಲ್ಲಿ, ನೌಕರಿ ಮಾಡಿ ನಿವೃತ್ತನಾದವನು ನಾನು. ಸಂತೆಯ ದಿನ ಉಸಿರಾಡಲು ಬಿಡದ ಕೌಂಟರಿನಲ್ಲೇ ಮರುದಿನ ಮಧ್ಯಾಹ್ನ ನೊಣ ಹೊಡೆಯುತ್ತ ಕೂತಿರುತ್ತೇವೆ. ಆ ಹೊತ್ತಿನ ಬಗ್ಗೆ ನಾನು ಕಂಡುಕೊಂಡದ್ದು ಇದು.

1. ಬಿಡುವೋ ಬಾಕಿಯೋ, ಮೊದಲು ನೋಡಿ.

ಎದುರಿಗೆ ಜನ ಇಲ್ಲವೆಂದ ಮಾತ್ರಕ್ಕೆ ಅದು ಬಿಡುವಲ್ಲ. ಸಕಾಲದ ಪಟ್ಟಿ ತೆರೆದು ನೋಡಿ. ಗಡುವು ಮೀರಿದ ಅರ್ಜಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕೆಂದು 2011ರ ಸಕಾಲ ಕಾಯ್ದೆ ಹೇಳುತ್ತದೆ. ಮೊತ್ತ ಸಣ್ಣದು. ಆದರೆ ಬಾಕಿ ಇಟ್ಟುಕೊಂಡು ಪುಸ್ತಕ ಓದುವ ಗುಮಾಸ್ತನನ್ನು ಕಂಡರೆ ಅರ್ಜಿದಾರನಿಗೆ ಹೊಟ್ಟೆ ಉರಿಯುವುದು ನ್ಯಾಯವೇ. ರೆಕಾರ್ಡ್ ರೂಮಿನಲ್ಲಂತೂ ಬಾಕಿ ತೀರುವುದೇ ಇಲ್ಲ. ಶಾಶ್ವತವಾಗಿ ಇಡಬೇಕಾದ ‘ಎ’ ವರ್ಗದ ಕಡತ, ಅವಧಿ ಮುಗಿದ ಮೇಲೆ ನಾಶಪಡಿಸಬಹುದಾದ ‘ಡಿ’ ವರ್ಗದ ಕಂತೆಯೊಳಗೆ ಸೇರಿಕೊಂಡಿರುತ್ತದೆ. ಅದನ್ನು ಬೇರ್ಪಡಿಸುವುದು ಯಾರೂ ಕೇಳದ, ಯಾರೂ ಹೊಗಳದ ಕೆಲಸ. ಹತ್ತು ವರ್ಷದ ಮೇಲೆ ಒಬ್ಬ ರೈತನ ಹೊಲ ಉಳಿಯುವುದು ಅಲ್ಲೇ.

2. ಎಷ್ಟು ಹೊತ್ತಿನ ಬಿಡುವು ಎಂದು ಊಹಿಸಬೇಡಿ.

ಸಾಹೇಬರು ಕೆಡಿಪಿ ಮೀಟಿಂಗಿಗೆ ಹೋದರೆ ಇಡೀ ಮಧ್ಯಾಹ್ನ ನಮ್ಮದು ಅನ್ನಿಸುತ್ತದೆ. ಅಲ್ಲಿಂದಲೇ ಫೋನು ಬರುತ್ತದೆ, ‘ಆ ಫೈಲಿನ ಫೋಟೋ ಕಳಿಸಿ’. ಸರ್ವರ್ ಡೌನ್ ಆದರೆ ಐದು ನಿಮಿಷವೋ ಸಂಜೆಯವರೆಗೋ, ಯಾವ ಜ್ಯೋತಿಷಿಗೂ ತಿಳಿಯದು. ಆದ್ದರಿಂದ ಒಂದು ಗಂಟೆ ಸತತ ಗಮನ ಬೇಡುವ ಕೆಲಸವನ್ನು ಕಚೇರಿಯಲ್ಲಿ ಹಿಡಿಯಬಾರದು. ಕಾದಂಬರಿ ಬರೆಯುತ್ತೇನೆಂದು ಹೊರಟ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಮೊದಲ ಅಧ್ಯಾಯವನ್ನೇ ಮತ್ತೆ ಮತ್ತೆ ಬರೆದರು.

3. ನಡುವೆ ಬಿಟ್ಟೇಳಬಹುದಾದ ವಿದ್ಯೆಯನ್ನು ಆರಿಸಿಕೊಳ್ಳಿ.

ನಾನು ಆರಿಸಿಕೊಂಡದ್ದು ಮೋಡಿ ಲಿಪಿ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆ 1956ರವರೆಗೆ ಮುಂಬೈ ಸರ್ಕಾರದ ಆಡಳಿತವಿತ್ತು. ಅದಕ್ಕೂ ಮುಂಚೆ ಬಹುಭಾಗದಲ್ಲಿ ಪೇಶ್ವೆಗಳ ಕಾಲ. ಹಾಗಾಗಿ ಹಳೆಯ ಇನಾಂ, ವತನದ ಕಾಗದಗಳು ಮರಾಠಿಯಲ್ಲಿವೆ, ಅವೂ ಮೋಡಿಯಲ್ಲಿ. ದೇವನಾಗರಿ ಬಲ್ಲವರೂ ಅದರ ಮುಂದೆ ಕಣ್ಣು ಕಣ್ಣು ಬಿಡುತ್ತಾರೆ. ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ನೇತುಹಾಕಿದಂತೆ ಲೇಖನಿ ಎತ್ತದೆ ಬರೆಯುತ್ತಿದ್ದರು. ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಇಕಾರದಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ, ಉಕಾರದಲ್ಲೂ ಇಲ್ಲ.

ಕಲಿಯುವ ಕ್ರಮ ಹೀಗೆ. ವರ್ಣಮಾಲೆಯ ಚಾರ್ಟನ್ನು ಮೇಜಿನ ಗಾಜಿನ ಕೆಳಗೆ ಇಡಿ. ಮೊದಲು ಅಂಕಿಗಳು, ಆಮೇಲೆ ಊರಿನ ಹೆಸರುಗಳು. ನಿಮ್ಮ ತಾಲೂಕಿನ ಹಳ್ಳಿಗಳ ಪಟ್ಟಿ ನಿಮಗೆ ಬಾಯಿಪಾಠ. ಕಾಗದದಲ್ಲಿ ‘ಮೌಜೆ’ ಎಂಬ ಮಾತು ಸಿಕ್ಕಿತೆಂದರೆ ಮುಂದಿನದು ಊರೇ. ಪರಿಚಿತ ಊರಿನ ಹೆಸರೇ ನಿಮಗೆ ನಾಲ್ಕಾರು ಅಕ್ಷರ ಕಲಿಸುತ್ತದೆ. ಫಸಲಿ ವರ್ಷ ಕಂಡರೆ 590 ಕೂಡಿಸಿ: ಫಸಲಿ 1270 ಎಂದರೆ ಹೆಚ್ಚುಕಡಿಮೆ 1860. ಒಂದು ಬಿಡುವಿಗೆ ಒಂದೇ ಸಾಲು. ಓದಿದ ಸಾಲಿನ ಕೆಳಗೆ ಚೀಟಿ ಇಟ್ಟು ಎದ್ದು ಹೋದರೆ, ವಾರ ಬಿಟ್ಟು ಬಂದರೂ ಅಲ್ಲಿಂದಲೇ ಮುಂದುವರಿಸಬಹುದು. ಮೂಲ ಕಾಗದದ ಮೇಲೆ ಪೆನ್ಸಿಲ್ ಗುರುತು ಕೂಡ ಬೇಡ. ಮನೆಗಂತೂ ಒಯ್ಯಲೇಬಾರದು.

ಪ್ರಯೋಜನವೇನು ಎಂದು ಕೇಳುವವರಿಗೆ: 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವತನಗಳು ಹೋದವು, ಜಮೀನು ಹಳೆಯ ಹಕ್ಕುದಾರರಿಗೆ ಮರುಮಂಜೂರಾಗಬೇಕಾಯಿತು. ಅದು ವತನದ ಜಮೀನು ಹೌದೋ ಅಲ್ಲವೋ ಎಂಬ ತಂಟೆ ಮೊಮ್ಮಕ್ಕಳ ಕಾಲದಲ್ಲೂ ಮುಗಿಯುವುದಿಲ್ಲ. ಆಗ ಯಾವ ಕಂತೆಯಲ್ಲಿ ಯಾವ ಊರಿನ ಕಾಗದ ಇದೆಯೆಂದು ಹೇಳಬಲ್ಲವನು ಕಚೇರಿಯಲ್ಲಿ ಒಬ್ಬನಾದರೂ ಇರಬೇಕು. ನೆನಪಿರಲಿ, ನಮ್ಮ ಓದು ಕಾಗದ ಹುಡುಕಲು ಮಾತ್ರ. ಕೋರ್ಟಿಗೆ ಬೇಕಾದ ಅನುವಾದಕ್ಕೆ ಅಧಿಕೃತರೇ ಬೇಕು.

4. ಇಲಾಖಾ ಪರೀಕ್ಷೆ ಮುಗಿಸಿ.

ಹೊಸದಾಗಿ ಸೇರಿದ ಎಸ್‌ಡಿಎಗಳಿಗೆ ಈ ಮಾತು. ಅಕೌಂಟ್ಸ್, ಜನರಲ್ ಲಾ ಎಂದರೆ ಮೂಗು ಮುರಿಯಬೇಡಿ. ಕೆಪಿಎಸ್‌ಸಿ ನಡೆಸುವ ಈ ಪರೀಕ್ಷೆಗಳು ಬಾಕಿ ಉಳಿದರೆ ಬಡ್ತಿಯ ಹೊತ್ತಿಗೆ ಕಾಡುತ್ತವೆ. ಕೆಸಿಎಸ್‌ಆರ್ ನಿಯಮಗಳನ್ನು ದಿನಕ್ಕೊಂದರಂತೆ ಓದಿದರೂ ರಜೆ, ಪಿಂಚಣಿಯ ವಿಷಯದಲ್ಲಿ ಯಾರ ಮುಂದೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

5. ಡ್ರಾಯರಿನಲ್ಲಿ ಬಚ್ಚಿಡಬೇಡಿ.

ರಾಮಾನುಜನ್ 1912ರಲ್ಲಿ ಮದ್ರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. ಅವರ ಗಣಿತದ ಹುಚ್ಚು ಮೇಲಿನವರಿಗೆ ಗೊತ್ತಿತ್ತು. ಲೆಕ್ಕಪತ್ರದ ಮುಖ್ಯಸ್ಥ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಅಧ್ಯಕ್ಷ ಫ್ರಾನ್ಸಿಸ್ ಸ್ಪ್ರಿಂಗ್ ಬೆನ್ನಿಗೆ ನಿಂತರು. ನಮಗೆ ಅಂಥ ಸಾಹೇಬರು ಸಿಗುವುದು ಅದೃಷ್ಟ, ಆದರೆ ಮೇಜಿನ ಮೇಲೆ ಕಾಣುವಂತೆ ಇಟ್ಟ ಪುಸ್ತಕಕ್ಕೆ ಯಾರೂ ಸುಲಭವಾಗಿ ನೋಟಿಸ್ ಕೊಡುವುದಿಲ್ಲ. ಬಚ್ಚಿಡಬೇಕು ಅನ್ನಿಸುವ ಕೆಲಸ, ಅಂದರೆ ಹೆಂಡತಿಯ ಹೆಸರಿನ ವಿಮಾ ಏಜೆನ್ಸಿ, ಸೈಟಿನ ದಲ್ಲಾಳಿ, ಚೀಟಿ ವ್ಯವಹಾರ, ಬಿಡುವಿನ ಕೆಲಸವೇ ಅಲ್ಲ. ಖಾಸಗಿ ವ್ಯಾಪಾರಕ್ಕೆ ನಡತೆ ನಿಯಮಗಳೂ ಒಪ್ಪುವುದಿಲ್ಲ.

6. ಮೊಬೈಲ್ ಬ್ಯಾಗಿನಲ್ಲಿರಲಿ. ಹೆಚ್ಚು ಹೇಳುವುದಿಲ್ಲ.

7. ವಾಲೀಕಾರರ ಜೊತೆ ಕೂತು ಮಾತಾಡಿ.

ಹಳ್ಳಿಯಿಂದ ಟಪಾಲು ತರುವ ವಾಲೀಕಾರರು ವರಾಂಡದಲ್ಲಿ ಕಾಯುತ್ತ ಕೂತಿರುತ್ತಾರೆ. ಸರ್ವೆ ನಂಬರಿನ ಹೊಲಕ್ಕೆ ಊರಿನಲ್ಲಿ ಇನ್ನೊಂದು ಹೆಸರಿರುತ್ತದೆ; ಯಾವ ಹಳ್ಳ ದಿಕ್ಕು ಬದಲಿಸಿತು, ಯಾವ ಬದುವಿನ ಕಲ್ಲು ಯಾವಾಗ ಸರಿಯಿತು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಒಂದು ಚಹಾ ತರಿಸಿ, ‘ಬರ್ರಿ ಕಾಕಾ, ಕೂಡ್ರಿ’ ಎಂದು ಕುರ್ಚಿ ಸರಿಸಿದರೆ ಸಾಕು. ಇದಕ್ಕಿಂತ ಒಳ್ಳೆಯ ಬಿಡುವಿನ ಪಾಠ ನನಗೆ ಯಾವ ತರಬೇತಿಯಲ್ಲೂ ಸಿಗಲಿಲ್ಲ. ಕೇಳಿದ್ದನ್ನು ಊರಿನ ಹೆಸರಿನಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವರ್ಗವಾದಾಗ ಮುಂದಿನವರ ಕೈಗೆ ಕೊಟ್ಟು ಹೋಗಿ.

ಈಗ ಭೂ ಸುರಕ್ಷಾ ಯೋಜನೆಯಡಿ ತಾಲೂಕು ರೆಕಾರ್ಡ್ ರೂಮುಗಳ ಕಾಗದವೆಲ್ಲ ಸ್ಕ್ಯಾನ್ ಆಗುತ್ತಿದೆ. ಪುಡಿಯಾಗುತ್ತಿದ್ದ ಹಾಳೆಗಳು ಉಳಿಯುತ್ತವೆ, ಸಂತೋಷ. ಆದರೆ ಸ್ಕ್ಯಾನ್ ಆದ ಮೋಡಿಯೂ ಮೋಡಿಯೇ. ಬೆಳಗಾವಿ, ಧಾರವಾಡದ ಕಡೆಯ ಕಚೇರಿಗಳಲ್ಲಿರುವ ಕಿರಿಯ ನೌಕರರು ಮುಂದಿನ ಸಲ ಸರ್ವರ್ ಡೌನ್ ಆದಾಗ ಒಂದು ಮೋಡಿ ಚಾರ್ಟು ಹುಡುಕಿ ಇಟ್ಟುಕೊಳ್ಳಲಿ. ಆ ಲಿಪಿ ಓದಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರು ಇರುವಾಗಲೇ ಕೇಳಿ ಕಲಿಯಿರಿ.