ಮರೆಯಲ್ಲಿ ನಿಂತು ಆಡುವ ಆಟಗಳು: ಹದಿಹರೆಯದವರಿಗೆ ತಕ್ಕವೇ ಎಂಬ ವಿವೇಚನೆ

ಬೊಮ್ಮನಹಾಳ್, ರಾಯದುರ್ಗ, ಮಡಕಶಿರ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕನ್ನಡ ತೆಲುಗುಗಳೆರಡನ್ನೂ ಆಡುತ್ತಾನೆ. ಅವನ ವಿಡಿಯೋ ಗೇಮ್ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಅದರ ಮೇಲೆ ಅಚ್ಚಾಗಿರುವ ವಯೋಮಿತಿಯ ಎಚ್ಚರಿಕೆಯೂ ಇಂಗ್ಲಿಷೇ. ಸಿನೆಮಾ ಪೋಸ್ಟರಿನ ಮೇಲಿನ ‘ಎ’ ಅಕ್ಷರದ ಅರ್ಥವನ್ನು ಬಲ್ಲ ತಂದೆತಾಯಿಗಳಿಗೆ ಆಟದ ಮೇಲಿನ ‘ಎಂ’ ಅಕ್ಷರ ಏನನ್ನೂ ಹೇಳುವುದಿಲ್ಲ. ಆದುದರಿಂದ ‘ಇದನ್ನು ಹುಡುಗ ಆಡಬಹುದೇ?’ ಎಂಬ ಪ್ರಶ್ನೆ ಕೊನೆಗೆ ಉಪಾಧ್ಯಾಯರ ಬಳಿಗೆ ಬರುತ್ತದೆ. ಆಟವೆಲ್ಲವೂ ಕೆಡುಕೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆಟವನ್ನು ನೋಡದೆಯೇ ತೀರ್ಪು ಕೊಟ್ಟರೆಂಬುದು ವಿದ್ಯಾರ್ಥಿಗೆ ಒಡನೆಯೇ ತಿಳಿಯುತ್ತದೆ. ಅಂದಿನಿಂದ ಅವನು ಮೊಬೈಲನ್ನು ಪುಸ್ತಕದ ಮರೆಯಲ್ಲಿಟ್ಟುಕೊಳ್ಳುತ್ತಾನೆ. ಮರೆಯಾಟವನ್ನು ಬಿಡಿಸಹೋಗಿ ಮರೆಯಾಟವನ್ನೇ ಕಲಿಸಿದಂತಾಗುತ್ತದೆ.

ಮೊದಲು ಆ ಅಕ್ಷರದ ವಿಚಾರ. ಅಮೆರಿಕದಲ್ಲಿ 1994ರಲ್ಲಿ ಸ್ಥಾಪಿತವಾದ ಇಎಸ್‌ಆರ್‌ಬಿ ಎಂಬ ಸಂಸ್ಥೆ ಆಟಗಳಿಗೆ ವಯೋಮಿತಿಯನ್ನು ಗೊತ್ತುಪಡಿಸುತ್ತದೆ. ಅದರ ‘ಎಂ’ ಎಂದರೆ 17 ವರ್ಷ ಮತ್ತು ಮೇಲ್ಪಟ್ಟವರಿಗೆ. ಯೂರೋಪಿನಲ್ಲಿ 2003ರಿಂದ ಪೆಗಿ ಎಂಬ ವ್ಯವಸ್ಥೆ 3, 7, 12, 16, 18 ಎಂಬ ಅಂಕಿಗಳನ್ನು ಬಳಸುತ್ತಿದೆ. ಭಾರತದಲ್ಲಿ ಚಲನಚಿತ್ರಕ್ಕೆ ಪ್ರಮಾಣೀಕರಣ ಮಂಡಳಿಯುಂಟು; ಅಂತರಜಾಲದ ಧಾರಾವಾಹಿಗಳಿಗೆ 2021ರ ನಿಯಮಗಳು 7, 13, 16 ವರ್ಷಗಳ ಮೆಟ್ಟಿಲುಗಳನ್ನು ಹಾಕಿವೆ; ವಿಡಿಯೋ ಗೇಮನ್ನು ಬಿಡುಗಡೆಗೆ ಮುನ್ನ ನೋಡಿ ಪ್ರಮಾಣಪತ್ರ ಕೊಡುವ ಅಂತಹ ಮಂಡಳಿ ಇಲ್ಲ. ಪರದೇಶದ ಅಂಕಿಯೇ ಇಲ್ಲಿಗೂ ಬರುತ್ತದೆ. ಅದು ಎಣಿಸುವುದು ರಕ್ತ, ಬೈಗುಳ, ಲೈಂಗಿಕತೆ, ಮಾದಕ ವಸ್ತು, ಜೂಜು ಮುಂತಾದವುಗಳನ್ನು. ಅದು ಎಣಿಸದ ಸಂಗತಿಗಳೂ ಇವೆ. 2002ರಲ್ಲಿ ಬಂದ ‘ಹಿಟ್‌ಮ್ಯಾನ್ 2: ಸೈಲೆಂಟ್ ಅಸ್ಯಾಸಿನ್’ ಆಟದಲ್ಲಿ ಗುರುದ್ವಾರವನ್ನು ಹೋಲುವ ಸ್ಥಳದಲ್ಲಿ ಸಿಖ್ಖರಂತೆ ಕಾಣುವವರನ್ನು ಕೊಲ್ಲುವ ಭಾಗವಿತ್ತು. ಸಿಖ್ ಸಮುದಾಯದ ಆಕ್ಷೇಪಣೆಯ ಮೇಲೆ ಪ್ರಕಾಶಕರು ಅದನ್ನು ಮಾರ್ಪಡಿಸಿದರು. ಇಂತಹ ನೋವನ್ನು ವಯಸ್ಸಿನ ಅಂಕಿ ಹಿಡಿಯಲಾರದು.

ಇನ್ನು ಈ ಬಗೆಯ ಆಟದ ಸ್ವರೂಪ. ಇವನ್ನು ಸ್ಟೆಲ್ತ್ ಆಟಗಳೆನ್ನುತ್ತಾರೆ. 1998ರಲ್ಲಿ ಬಂದ ‘ಮೆಟಲ್ ಗೇರ್ ಸಾಲಿಡ್’, ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ ಇವುಗಳಿಂದ ಈ ಪ್ರಕಾರ ಬೇರೂರಿತು. ನುಗ್ಗಿ ಹೊಡೆದಾಡುವುದು ಇಲ್ಲಿ ಮುಖ್ಯವಲ್ಲ; ನೆರಳಿನಲ್ಲಿ ನಿಲ್ಲುವುದು, ಕಾವಲುಗಾರನ ಓಡಾಟವನ್ನು ಎಣಿಸುವುದು, ಸದ್ದಿಲ್ಲದೆ ದಾಟುವುದು ಮುಖ್ಯ. ಕಣ್ಣಾಮುಚ್ಚಾಲೆಯಾಡಿದ ಮಗುವಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಿಲ್ಲ. ತಾಳ್ಮೆ, ಗಮನ, ಯೋಜನೆ ಇವೆಲ್ಲ ಇದರಲ್ಲಿವೆ ಎಂದು ಹುಡುಗರು ವಾದಿಸಿದರೆ ಒಪ್ಪಿಕೊಳ್ಳಬೇಕು, ಏಕೆಂದರೆ ಅದು ನಿಜ.

ಮರೆಯಲ್ಲಿ ನಡೆಯುವುದೇ ತಪ್ಪೆಂದು ಕನ್ನಡ ಉಪಾಧ್ಯಾಯರು ಹೇಳಲಾರರು. ವಾಲ್ಮೀಕಿಯ ಹನುಮಂತ ಸೂರ್ಯಾಸ್ತದವರೆಗೆ ಕಾದು, ಬೆಕ್ಕಿನ ಗಾತ್ರಕ್ಕೆ ಕುಗ್ಗಿ ಲಂಕೆಯನ್ನು ಹೊಕ್ಕವನು. ರಾವಣನ ಅಂತಃಪುರದಲ್ಲಿ ಮಲಗಿದ್ದ ಸ್ತ್ರೀಯರನ್ನು ಕಂಡೆನಲ್ಲ, ಇದು ಧರ್ಮವೇ ಎಂದು ಆ ಕತ್ತಲಿನಲ್ಲಿಯೇ ನಿಂತು ತನ್ನ ಮನಸ್ಸನ್ನು ಪರೀಕ್ಷಿಸಿಕೊಂಡವನು. ಅಶ್ವತ್ಥಾಮನೂ ಇರುಳಿನಲ್ಲಿಯೇ ಪಾಂಡವರ ಪಾಳೆಯವನ್ನು ಹೊಕ್ಕ. ಆಲದ ಮರದಲ್ಲಿ ಗೂಬೆಯೊಂದು ಮಲಗಿದ್ದ ಕಾಗೆಗಳನ್ನು ಕೊಂದುದನ್ನು ನೋಡಿ ಉಪಾಯ ಕಲಿತ, ಕೃಪನ ಮಾತನ್ನು ಕೇಳಲಿಲ್ಲ, ನಿದ್ದೆಯಲ್ಲಿದ್ದವರನ್ನು ಕೊಂದ. ಕತ್ತಲೆ ಇಬ್ಬರಿಗೂ ಒಂದೇ. ಆಟವನ್ನು ತೂಗುವಾಗಲೂ ಕೇಳಬೇಕಾದುದು ಇಷ್ಟು: ಮರೆಯಲ್ಲಿರುವ ಆಟಗಾರನ ಕೈಯಿಂದ ಅದು ಏನನ್ನು ಮಾಡಿಸುತ್ತದೆ, ಮಾಡಿದುದನ್ನು ಹೇಗೆ ಲೆಕ್ಕವಿಡುತ್ತದೆ?

ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಒಂದೇ ಪ್ರಕಾರದ ಆಟಗಳು ಬೇರೆಬೇರೆಯಾಗಿ ಕಾಣುತ್ತವೆ. ‘ಥೀಫ್’ ಆಟದ ಅತಿ ಕಠಿಣ ಹಂತದಲ್ಲಿ ಮನುಷ್ಯರನ್ನು ಕೊಂದರೆ ಆಟವೇ ಸೋಲು. ‘ಹಿಟ್‌ಮ್ಯಾನ್’ನಲ್ಲಿ ಕೂಲಿಗಾಗಿ ಕೊಲ್ಲುವುದೇ ಕೆಲಸ, ಗುರಿಯಲ್ಲದವರನ್ನು ಕೊಂದರೆ ಮಾತ್ರ ಅಂಕ ಕಡಿತ. ‘ಮೆಟಲ್ ಗೇರ್ ಸಾಲಿಡ್ 3’ರಲ್ಲಿ, ಅದು 2004ರದು, ಆಟಗಾರ ಒಂದು ನದಿಯಲ್ಲಿ ನಡೆಯುವಾಗ ಅವನು ಅಲ್ಲಿಯವರೆಗೆ ಕೊಂದವರು ಪ್ರೇತಗಳಾಗಿ ಎದುರು ಬರುತ್ತಾರೆ, ಕೊಂದವರು ಹೆಚ್ಚಿದಷ್ಟೂ ಆ ಸಾಲು ಉದ್ದ. ಹೆಸರನ್ನು ಕೇಳಿಯೂ ನಿರ್ಧರಿಸಬಾರದು. 2014ರ ‘ಹಿಟ್‌ಮ್ಯಾನ್ ಗೋ’ ಮೊಬೈಲಿನಲ್ಲಿ ಆಡುವ ಮಣೆಯಾಟ. ಚದುರಂಗದ ಕಾಯಿಯಂತೆ ಬೊಂಬೆಗಳು ಉರುಳುತ್ತವೆ, ಅಷ್ಟೆ.

ವಿಸ್ತಾರವಾಗಿ ನೋಡಲು ‘ಡಿಸಾನರ್ಡ್’ ಎಂಬ ಆಟ ತಕ್ಕದ್ದು. ಫ್ರಾನ್ಸಿನ ಅರ್ಕೇನ್ ಸಂಸ್ಥೆ ರೂಪಿಸಿದ ಇದು 2012ರಲ್ಲಿ ಬಂತು. ವಯೋಮಿತಿ ಅಮೆರಿಕದಲ್ಲಿ 17, ಯೂರೋಪಿನಲ್ಲಿ 18. ಮಹಾರಾಣಿಯ ಅಂಗರಕ್ಷಕನ ಮೇಲೆ ಅವಳನ್ನೇ ಕೊಂದ ಸುಳ್ಳು ಆರೋಪ ಬರುತ್ತದೆ. ಅವನು ಸೆರೆಯಿಂದ ತಪ್ಪಿಸಿಕೊಂಡು, ಅವಳ ಮಗಳನ್ನು ಕಾಪಾಡಿ, ಪಿತೂರಿಗಾರರನ್ನು ಒಬ್ಬೊಬ್ಬರಾಗಿ ಎದುರಿಸುತ್ತಾನೆ. ಊರಿನಲ್ಲಿ ಇಲಿಗಳಿಂದ ಹರಡುವ ಪಿಡುಗು. ಆಟಗಾರ ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಹೆಚ್ಚು ಕೊಂದರೆ ಇಲಿಗಳೂ ರೋಗಿಗಳೂ ಹೆಚ್ಚುತ್ತಾರೆ, ಕಥೆಯ ಅಂತ್ಯ ಕರಾಳವಾಗುತ್ತದೆ, ಆ ಬಾಲಕಿಯ ಮಾತೂ ಅವಳು ಬಿಡಿಸುವ ಚಿತ್ರಗಳೂ ಬದಲಾಗುತ್ತವೆ. ಹಿರಿಯರು ಮಾಡುವುದನ್ನು ಮಗು ನೋಡುತ್ತಿರುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಹೇಳುವ ಆಟಗಳು ವಿರಳ.

ಇಷ್ಟಕ್ಕೇ ನಿಂತರೆ, ರಕ್ತಪಾತವನ್ನು ಬದಿಗಿಟ್ಟು, ಹತ್ತನೆಯ ತರಗತಿಯ ಜಾಣ ವಿದ್ಯಾರ್ಥಿಗೆ ಇದು ಸಲ್ಲಬಹುದೆಂದು ತೋರೀತು. ತೊಡಕಿರುವುದು ಬೇರೆಡೆ. ಒಂದು ಮುಖವಾಡದ ಔತಣದಲ್ಲಿ ಮೂವರು ಸೋದರಿಯರಲ್ಲಿ ಒಬ್ಬಳನ್ನು ಪತ್ತೆಹಚ್ಚಿ ಇಲ್ಲವಾಗಿಸಬೇಕು. ಕೊಲ್ಲಲೊಲ್ಲದ ಆಟಗಾರನಿಗೆ ಅಲ್ಲಿನ ಅತಿಥಿಯೊಬ್ಬ ಉಪಾಯ ಹೇಳುತ್ತಾನೆ: ತಾನು ಅವಳನ್ನು ಪ್ರೀತಿಸುತ್ತೇನೆ, ಪ್ರಜ್ಞೆ ತಪ್ಪಿಸಿ ತಂದುಕೊಟ್ಟರೆ ಯಾರ ಕಣ್ಣಿಗೂ ಬೀಳದಂತೆ ಶಾಶ್ವತವಾಗಿ ಕರೆದೊಯ್ಯುತ್ತೇನೆ ಎಂದು. ಆಟಗಾರ ಅವಳನ್ನು ಹೊತ್ತು ನೆಲಮಾಳಿಗೆಯಲ್ಲಿ ಒಪ್ಪಿಸಿದರೆ ಆಟ ಅದನ್ನು ಕೊಲ್ಲದ ಮಾರ್ಗವೆಂದೇ ಲೆಕ್ಕ ಹಾಕುತ್ತದೆ. ಹೆಣ್ಣಿನ ಒಪ್ಪಿಗೆಯ ಪ್ರಶ್ನೆ ಆ ಲೆಕ್ಕದ ಪುಸ್ತಕದಲ್ಲಿ ಇಲ್ಲ. ವಯಸ್ಕನಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಹದಿನಾಲ್ಕರ ಹುಡುಗ ‘ಕೊಲ್ಲಲಿಲ್ಲ, ಒಳ್ಳೆಯದನ್ನೇ ಮಾಡಿದೆ’ ಎಂದು ಮುಂದಿನ ಹಂತಕ್ಕೆ ಹೋಗಬಹುದು. ಹದಿಹರೆಯದವರಿಗೆ, ಒಂಟಿಯಾಗಿ ಆಡಲು, ಈ ಆಟ ತಕ್ಕುದಲ್ಲ. ಅದಕ್ಕೆ ಮುಖ್ಯ ಕಾರಣ ರಕ್ತವಲ್ಲ, ಈ ಲೆಕ್ಕ. ಕಾರಣವನ್ನು ಹೀಗೆ ಬಿಡಿಸಿ ಹೇಳಿದಾಗ ವಿದ್ಯಾರ್ಥಿ ಒಪ್ಪದಿದ್ದರೂ ಯೋಚಿಸುತ್ತಾನೆ.

ಇಂತಹ ಆಟಗಳಿಗೆ ಒಳ್ಳೆಯ ಕಂಪ್ಯೂಟರ್ ಬೇಕು. ಅದಿಲ್ಲದ ಹುಡುಗರು ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ ನೋಡಬಹುದು. ಉಪಾಧ್ಯಾಯರಿಗೂ ಅದೇ ಸುಲಭದ ದಾರಿ. ಆಟ ಬಾರದವರೂ ಒಂದು ಹಂತದ ವಿಡಿಯೋವನ್ನು ಪೂರ್ತಿ ನೋಡಿದರೆ ಸಾಕು. ಹಂತದ ಕೊನೆಗೆ ಬರುವ ಅಂಕಪಟ್ಟಿಯನ್ನು ವಿದ್ಯಾರ್ಥಿಯಿಂದಲೇ ಕನ್ನಡದಲ್ಲಿ ಓದಿಸಬೇಕು. ಯಾವುದಕ್ಕೆ ಬಹುಮಾನ, ಯಾವುದಕ್ಕೆ ದಂಡ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಆಟದ ವಸ್ತು ನಿರ್ದೋಷವಾಗಿದ್ದರೂ ಆಡುವ ರೀತಿ ಕೆಡಬಹುದೆಂಬುದು ಬೇರೆ ಮಾತು. ಹಿಡಿತ ತಪ್ಪಿ, ಓದು ನಿದ್ದೆಗಳನ್ನು ಬಿಟ್ಟು, ಹಾನಿ ಕಂಡರೂ ಆಟ ಮುಂದುವರಿಯುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ವರ್ಗೀಕರಣದಲ್ಲಿ ಸೇರಿಸಿದೆ. ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ ಷಟ್ ಎಂಬ ಚಿಕಿತ್ಸಾಲಯವಿದೆ. ಅಂತಹ ಮಗುವಿಗೆ ಬೇಕಾದುದು ವೈದ್ಯರು, ಬೆತ್ತವಲ್ಲ.

ತರಗತಿಯ ಚಟುವಟಿಕೆ. ಒಂಬತ್ತು ಮತ್ತು ಹತ್ತನೆಯ ತರಗತಿಗೆ, ಎರಡು ಅವಧಿ, ಮೊಬೈಲಿನ ಅಗತ್ಯವಿಲ್ಲ. ಮೊದಲ ಅವಧಿಯಲ್ಲಿ ಹನುಮಂತನ ಲಂಕಾಪ್ರವೇಶವನ್ನೂ ಅಶ್ವತ್ಥಾಮನ ಇರುಳ ದಾಳಿಯನ್ನೂ ಉಪಾಧ್ಯಾಯರು ಕಥೆಯಾಗಿ ಹೇಳುವುದು. ಎರಡನೆಯ ಅವಧಿಯಲ್ಲಿ ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಒಂದು ಆಟವನ್ನು ಆರಿಸಿಕೊಂಡು, ಅದು ಆಟಗಾರನಿಂದ ಏನನ್ನು ಮಾಡಿಸುತ್ತದೆ, ಯಾವುದಕ್ಕೆ ಅಂಕ ಕೊಡುತ್ತದೆ, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಮ್ಮ ತಂಗಿಗೋ ತಮ್ಮನಿಗೋ ಅದನ್ನು ಕೊಡುವರೇ ಎಂಬುದನ್ನು ಒಂದು ಪುಟದಲ್ಲಿ ಬರೆಯುವುದು. ಆಟವಾಡದ ಹೆಣ್ಣುಮಕ್ಕಳು ಔತಣದ ಪ್ರಸಂಗವನ್ನು ಕೇಳಿ, ಆ ಸೋದರಿ ಮರುದಿನ ಎಚ್ಚೆತ್ತು ತನ್ನ ಮನೆಗೆ ಬರೆಯುವ ಪತ್ರವನ್ನು ರಚಿಸಬಹುದು. ಪತ್ರಗಳನ್ನು ಹುಡುಗರು ಗಟ್ಟಿಯಾಗಿ ಓದಲಿ. ಅಂಕಗಳನ್ನು ತೀರ್ಮಾನಕ್ಕಲ್ಲದೆ ಕೊಟ್ಟ ಕಾರಣಗಳಿಗೆ ನೀಡಬೇಕು. ಆಟದ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ತಪ್ಪೆಂದು ಎಣಿಸಬೇಕಿಲ್ಲ.