ಉಪ್ಪು ಹೆಚ್ಚಾಗಿದೆ ಎಂದು ಹೇಗೆ ಹೇಳುವುದು?

ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮಗೆಲ್ಲಾ ಗೊತ್ತು. ಊಟ ಮತ್ತು ಮಾತು ಎರಡೂ ಒಟ್ಟಿಗೆ ಸೇರುವುದು ತಟ್ಟೆಯ ಮುಂದೆ. ಅಲ್ಲಿ ಆಡುವ ಒಂದು ಮಾತಿನಿಂದ ಮನೆ ನಗುತ್ತದೆ, ಇನ್ನೊಂದು ಮಾತಿನಿಂದ ಅಡುಗೆ ಮಾಡಿದವಳ ಕಣ್ಣು ತುಂಬುತ್ತದೆ. ಈ ತಿಂಗಳು ಇದರ ಬಗ್ಗೆ ಮಾತಾಡೋಣ.

ಇದು ಸಣ್ಣ ವಿಷಯವೇ?

ಖಂಡಿತ ಅಲ್ಲ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡ ಹೆಂಡತಿಯನ್ನು ಹೊಡೆಯುವುದು ಯಾವ ಕಾರಣಕ್ಕೆ ಸರಿ ಅನ್ನಿಸುತ್ತದೆ ಎಂದು ಜನರನ್ನು ಕೇಳಲಾಯಿತು. ಅವರ ಮುಂದಿಟ್ಟ ಏಳು ಕಾರಣಗಳಲ್ಲಿ "ಅಡುಗೆ ಸರಿಯಾಗಿ ಮಾಡದಿರುವುದು" ಕೂಡ ಒಂದು. ಇಂಥ ಪ್ರಶ್ನೆ ಕೇಳಬೇಕಾಗಿ ಬಂದದ್ದೇ ನಮ್ಮ ಮನೆಗಳ ಸ್ಥಿತಿಯನ್ನು ಹೇಳುತ್ತದೆ. ಯಾವ ಕಾರಣಕ್ಕೂ ಹೊಡೆಯುವುದು ಸರಿಯಲ್ಲ. ಹೊಡೆಯುವುದಷ್ಟೇ ಅಲ್ಲ, ಅವಮಾನಿಸುವುದು, ಹೀಯಾಳಿಸುವುದು ಕೂಡ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ದೌರ್ಜನ್ಯವೇ.

ಹಾಗಂತ ಸುಮ್ಮನೆ ತಿಂದು ಎದ್ದು ಹೋಗಬೇಕೇ? ಅದೂ ಬೇಡ. ಮನೆಯಲ್ಲಿ ಬಿ.ಪಿ. ಇರುವವರಿದ್ದರೆ ಉಪ್ಪಿನ ಮಾತು ಹೇಳಲೇಬೇಕು. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿರುವ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬೇಜಾರು ಮಾಡಬಾರದೆಂದು ಸುಮ್ಮನಿದ್ದು ಕಾಯಿಲೆ ಹೆಚ್ಚಿಸಿಕೊಂಡರೆ ಅದು ಪ್ರೀತಿಯಲ್ಲ.

ಹೇಳುವ ಕ್ರಮ

1. ಮೊದಲು ಒಳ್ಳೆಯದನ್ನು ಹೇಳಿ. ಸುಳ್ಳು ಹೊಗಳಿಕೆ ಬೇಡ. ಮುದ್ದೆ ಹದವಾಗಿದ್ದರೆ "ಮುದ್ದೆ ಹದವಾಗಿದೆ" ಅನ್ನಿ. ದಿನಾ ಚೆನ್ನಾಗಿದ್ದಾಗ ಬಾಯಿ ಬಿಡದವರು ಕೆಟ್ಟ ದಿನ ಮಾತ್ರ ಬಾಯಿ ಬಿಟ್ಟರೆ ಯಾರಿಗೆ ತಾನೇ ನೋವಾಗಲ್ಲ?

2. ಪದಾರ್ಥದ ಬಗ್ಗೆ ಹೇಳಿ, ವ್ಯಕ್ತಿಯ ಬಗ್ಗೆ ಬೇಡ. "ನಿನಗೆ ಅಡುಗೆನೇ ಬರಲ್ಲ" ಅಂದರೆ ಅವಳು ಏನು ಮಾಡಬೇಕು? "ಬಸ್ಸಾರಿಗೆ ಹುಣಸೆಹುಳಿ ಸ್ವಲ್ಪ ಮುಂದಾಗಿದೆ" ಅಂದರೆ ನಾಳೆ ಸರಿ ಮಾಡಬಹುದು.

3. ಹೋಲಿಸಬೇಡಿ. "ನಮ್ಮಮ್ಮ ಮಾಡೋ ಹಾಗಿಲ್ಲ" ಎಂಬ ಒಂದೇ ಮಾತು ಅತ್ತೆ ಸೊಸೆಯರ ನಡುವೆ ಗೋಡೆ ಕಟ್ಟಬಲ್ಲದು.

4. ಸಮಯ ನೋಡಿ. ನೆಂಟರ ಮುಂದೆ, ಮಕ್ಕಳ ಮುಂದೆ ಬೇಡ. ಬಹಳ ಮನೆಗಳಲ್ಲಿ ಅಡುಗೆ ಮಾಡಿದವರು ಕೊನೆಗೆ ಊಟ ಮಾಡುತ್ತಾರೆ. ಅವರು ಉಣ್ಣುವ ಮೊದಲೇ ತಪ್ಪು ಎತ್ತಿದರೆ ಅವರ ಊಟವನ್ನೂ ಕಿತ್ತುಕೊಂಡಂತೆ. ಅವರ ಊಟ ಮುಗಿಯಲಿ.

5. ಕೈ ಜೋಡಿಸಿ. ಪುನರುತ್ಥಾನದ ನಂತರ ಯೇಸುಸ್ವಾಮಿ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸಿದ್ಧಮಾಡಿ ಶಿಷ್ಯರನ್ನು ಊಟಕ್ಕೆ ಕರೆದರು (ಯೊವಾನ್ನ, ಅಧ್ಯಾಯ 21). ಗಂಡಸರು ಒಲೆ ಮುಟ್ಟಿದರೆ ಮರ್ಯಾದೆ ಹೋಗುವುದಿಲ್ಲ. ತಪ್ಪು ಹೇಳಿದವರು ಮಾರನೇ ದಿನ ಕಾಯಿ ತುರಿದು ಕೊಟ್ಟರೆ ಆ ಮಾತಿಗೂ ಬೆಲೆ ಬರುತ್ತದೆ.

ರುಚಿ ಬದಲಾಗಿದ್ದರೆ ಕಾರಣ ಹುಡುಕಿ

ಜೀವನವೆಲ್ಲ ಹದವಾಗಿ ಸಾರು ಮಾಡಿದ ತಾಯಿ ಈಗ ಉಪ್ಪು ಹೆಚ್ಚು ಹಾಕುತ್ತಿದ್ದಾರೆಯೇ? ವಯಸ್ಸಾದಂತೆ ಮೂಗು, ನಾಲಿಗೆಯ ಶಕ್ತಿ ಕುಗ್ಗುತ್ತದೆ. ನಮಗೆ ಉಪ್ಪಾದದ್ದು ಅವರ ಬಾಯಿಗೆ ಸಪ್ಪೆ. ಕೆಲವು ಮಾತ್ರೆಗಳಿಂದಲೂ ರುಚಿ ಕೆಡುತ್ತದೆ. ಇಂಥ ಕಡೆ ಬೈದು ಪ್ರಯೋಜನವಿಲ್ಲ. "ಉಪ್ಪು ನಾನು ನೋಡ್ತೀನಮ್ಮಾ, ಒಗ್ಗರಣೆ ನೀವೇ ಹಾಕಿ, ಅದು ನಿಮ್ಮ ಕೈಯಲ್ಲೇ ಚೆಂದ" ಅನ್ನಿ. ಅವರ ಮರ್ಯಾದೆ ಉಳಿಯುತ್ತದೆ, ಮನೆಯವರ ಆರೋಗ್ಯವೂ ಉಳಿಯುತ್ತದೆ.

ಎರಡೆರಡು ಸಲ ಉಪ್ಪು ಹಾಕುವುದು, ಒಲೆ ಆರಿಸಲು ಮರೆಯುವುದು, ಗೊತ್ತಿದ್ದ ಅಡುಗೆಯ ಕ್ರಮವೇ ತಪ್ಪುವುದು ಮತ್ತೆ ಮತ್ತೆ ಆಗುತ್ತಿದ್ದರೆ ಅದು ಮರೆವಿನ ಕಾಯಿಲೆಯ ಲಕ್ಷಣ ಇರಬಹುದು. ಒಲೆಯ ಹತ್ತಿರ ಅವರನ್ನು ಒಬ್ಬರೇ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಗೆಯೇ ಮಗಳ, ಸೊಸೆಯ ಅಡುಗೆ ಇದ್ದಕ್ಕಿದ್ದಂತೆ ಕೆಟ್ಟರೆ "ಯಾಕಮ್ಮಾ, ಹುಷಾರಿಲ್ವಾ?" ಎಂದು ಮೊದಲು ಕೇಳಿ. ಹೇಳಿಕೊಳ್ಳಲಾಗದ ನೋವು ಸಾರಿನಲ್ಲಿ ಕಾಣಿಸಿಕೊಂಡಿರಬಹುದು.

ಸಭೆಯಲ್ಲಿ ಚರ್ಚಿಸಿ

* ನಮ್ಮ ಮನೆಯಲ್ಲಿ ಅಡುಗೆ ಮಾಡಿದವರಿಗೆ "ಚೆನ್ನಾಗಿದೆ" ಎಂದು ಕೊನೆಯ ಸಲ ಹೇಳಿದ್ದು ಯಾವಾಗ?
* ಗಂಡುಮಕ್ಕಳಿಗೆ ಯಾವ ಅಡುಗೆ ಕಲಿಸಿದ್ದೇವೆ?
* ಊಟದ ನೆಪದಲ್ಲಿ ಹೊಡೆತ, ಬೈಗುಳ ತಿನ್ನುವ ಸದಸ್ಯೆ ಇದ್ದರೆ ಸಂಘ ಹೇಗೆ ಜೊತೆ ನಿಲ್ಲಬಹುದು? (ಮಹಿಳಾ ಸಹಾಯವಾಣಿ ಸಂಖ್ಯೆ 181 ಎಲ್ಲರಿಗೂ ಬಾಯಿಪಾಠ ಇರಲಿ.)

ಈ ತಿಂಗಳ ತೀರ್ಮಾನ: ಅಡುಗೆಯ ಬಗ್ಗೆ ಏನೇ ಹೇಳುವ ಮೊದಲು, ಬಡಿಸಿದವರ ಮುಖವನ್ನು ಒಮ್ಮೆ ನೋಡೋಣ.