ಸೊನ್ನೆ ಬಂದಾಗ ಕೇಳುವ ಮೊದಲ ಪ್ರಶ್ನೆ

ನಮ್ಮ ಲ್ಯಾಬಿನಲ್ಲಿ ಸಿಎಚ್50 ಪರೀಕ್ಷೆ ಎಂದರೆ ಕುರಿ ರಕ್ತದ ಕೆಲಸ. ಕುರಿಯ ಕೆಂಪು ರಕ್ತಕಣಗಳನ್ನು ತೊಳೆದು, ಅವಕ್ಕೆ ಮೊಲದಿಂದ ಪಡೆದ ಆ್ಯಂಟಿಬಾಡಿ ಹಚ್ಚಿ, ರೋಗಿಯ ಸೀರಮ್ಮನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ 37 ಡಿಗ್ರಿಯ ನೀರಿನಲ್ಲಿ ಇಡುತ್ತೇವೆ. ಸೀರಮ್ಮಿನಲ್ಲಿ ಕಾಂಪ್ಲಿಮೆಂಟ್ ಸರಿಯಾಗಿದ್ದರೆ ಕಣಗಳು ಒಡೆದು ಟ್ಯೂಬು ತಿಳಿಗೆಂಪಾಗುತ್ತದೆ. ಇಲ್ಲದಿದ್ದರೆ ಕಣಗಳು ಹಾಗೇ ತಳದಲ್ಲಿ ಕೂರುತ್ತವೆ, ಮೇಲಿನ ನೀರಿಗೆ ಬಣ್ಣವೇ ಏರುವುದಿಲ್ಲ. ಅರ್ಧದಷ್ಟು ಕಣ ಒಡೆಯಲು ಎಷ್ಟು ಸೀರಮ್ ಬೇಕಾಯಿತು ಎಂಬ ಲೆಕ್ಕದಿಂದಲೇ ರಿಪೋರ್ಟಿನ ಅಂಕಿ ಬರುತ್ತದೆ. ಈಗ ಕಿಟ್‌ಗಳು ಬಂದಿವೆ, ಕುರಿಯ ಸಹವಾಸವೇ ಬೇಡ ಎನ್ನುವವರು ಹೆಚ್ಚು. ನಾನು ಹಳಬ, ಕಣ ಒಡೆದದ್ದನ್ನು ಕಣ್ಣಾರೆ ಕಂಡರೇ ಸಮಾಧಾನ.

ಕಾಂಪ್ಲಿಮೆಂಟ್ ಎನ್ನುವುದು ರಕ್ತದಲ್ಲಿ ಓಡಾಡುವ 30ಕ್ಕೂ ಹೆಚ್ಚು ಪ್ರೋಟೀನುಗಳ ತಂಡ. ರೋಗಾಣು ಕಂಡೊಡನೆ ಒಂದು ಮತ್ತೊಂದನ್ನು ಎಬ್ಬಿಸುತ್ತ ಹೋಗಿ, ಕೊನೆಗೆ ರೋಗಾಣುವಿನ ಮೈಗೆ ತೂತು ಕೊರೆಯುತ್ತವೆ. ಈ ಪರೀಕ್ಷೆಯಲ್ಲಿ ಸಿ1ರಿಂದ ಸಿ9ರವರೆಗೆ ಎಲ್ಲರೂ ಹಾಜರಿರಬೇಕು. ಸಿ9 ಗೈರಾದರೆ ಮಾತ್ರ ಕೆಲಸ ಅರ್ಧಂಬರ್ಧ ನಡೆಯುತ್ತದೆ. ಜಪಾನಿನಲ್ಲಿ ಸುಮಾರು ಸಾವಿರಕ್ಕೊಬ್ಬರಿಗೆ ಹುಟ್ಟಿನಿಂದಲೇ ಸಿ9 ಇಲ್ಲ, ಅವರಲ್ಲಿ ಬಹುಪಾಲು ಜನ ಆರೋಗ್ಯವಾಗಿಯೇ ಇದ್ದಾರೆ. ತಂಡದಲ್ಲಿ ಸಿ9 ಬಿಟ್ಟು ಉಳಿದವರಲ್ಲಿ ಒಬ್ಬರು ಪೂರ್ತಿ ಇಲ್ಲವೆಂದರೂ ಉತ್ತರ ಸೊನ್ನೆ.

ಆದರೆ ನನ್ನ ಮೇಜಿಗೆ ಬಂದ ಸೊನ್ನೆಗಳಲ್ಲಿ ಹೆಚ್ಚಿನವು ಬಿಸಿಲಿನವು. ಬೆಲ್ಜಿಯಂನ ಜೂಲ್ ಬೋರ್ಡೆ 1890ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದ: ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಆ್ಯಂಟಿಬಾಡಿ ಉಳಿಯುತ್ತದೆ, ಕಾಂಪ್ಲಿಮೆಂಟ್ ಸಾಯುತ್ತದೆ. 1919ರ ನೊಬೆಲ್ ಅವನ ಪಾಲಿಗೆ ಬಂತು. ಅಷ್ಟು ಶಾಖವೂ ಬೇಕಿಲ್ಲ, ಸುಮ್ಮನೆ ಹೊರಗಿಟ್ಟರೂ ಗಂಟೆ ಕಳೆದಂತೆ ಅದು ಸೊರಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ್ದರಂತೂ ಅದರೊಳಗಿನ ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಆಟವೇ ಶುರುವಾಗುವುದಿಲ್ಲ. ಹಾಗಾಗಿ ಸೊನ್ನೆ ಬಂದರೆ ಮೊದಲ ಫೋನು ಡಾಕ್ಟರಿಗಲ್ಲ, ಸ್ಯಾಂಪಲ್ ಕಳಿಸಿದ ಹುಡುಗನಿಗೆ.

“ಐಸ್ ಹಾಕಿದ್ಯೇನಪ್ಪಾ?”

“ಹಾಕಿದ್ದೆ ಸರ್. ಬಸ್ ರಾಯಚೂರು ಬಿಡೂದ್ರಾಗ ನೀರಾಗಿತ್ತು.”

ಅಲ್ಲಿಗೆ ಆ ಸೊನ್ನೆಯ ಕಥೆ ಮುಗಿಯಿತು.

ಮುಗಿಯದ ಸೊನ್ನೆಯೊಂದು ಉತ್ತರ ಕರ್ನಾಟಕದ ಒಂದು ಪುಟ್ಟ ಹುಡುಗಿಯದು. ಕೆನ್ನೆಯ ಮೇಲೆ ಕೆಂಪು ದದ್ದು, ಬಿಸಿಲಿಗೆ ಹೋದರೆ ಹೆಚ್ಚಾಗುವುದು. ಜೊತೆಗೆ ಕಿವಿ ಸೋರುವುದು, ಮತ್ತೆ ಮತ್ತೆ ನ್ಯುಮೋನಿಯಾ. ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರಬಹುದೆಂದು ಸಿ3, ಸಿ4 ಮಾಡಿಸಿದ್ದರು, ಎರಡೂ ಸರಿಯಾಗಿದ್ದವು. ಇಲ್ಲೇ ಬಹಳ ಮಂದಿ ಫೈಲು ಮುಚ್ಚುವುದು. ಸಿ3, ಸಿ4 ಯಾವ ಊರಲ್ಲೂ ಸಿಗುವ ಪರೀಕ್ಷೆ. ಅವೆರಡು ಸರಿಯಿದ್ದರೆ ತಂಡವೆಲ್ಲ ಸರಿಯಿದೆ ಎಂದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಆ ಮಗುವಿನ ಡಾಕ್ಟರು ಮುಚ್ಚಲಿಲ್ಲ. ಸಾಮಾನ್ಯ ಲೂಪಸ್ಸಿನ ಉಲ್ಬಣದಲ್ಲಿ ಕಾಂಪ್ಲಿಮೆಂಟ್ ಖರ್ಚಾಗಿ ಇಳಿಯುತ್ತದೆ, ಔಷಧಿ ಕೊಟ್ಟರೆ ಮತ್ತೆ ಏರುತ್ತದೆ. ಇಷ್ಟು ಚಿಕ್ಕ ವಯಸ್ಸಿಗೆ ಲೂಪಸ್, ಅದರ ಮೇಲೆ ಇಷ್ಟು ಸೋಂಕು ಎಂದರೆ ಹುಟ್ಟಿನಿಂದಲೇ ಏನೋ ಇಲ್ಲ ಎಂದು ಅವರಿಗೆ ಅನಿಸಿತ್ತು.

ಅವರು ಕಳಿಸಿದ ಸ್ಯಾಂಪಲ್ಲಿಗೆ ಸೊನ್ನೆ ಬಂದ ಮೇಲೆ ಮಗುವನ್ನೇ ಬೆಂಗಳೂರಿನ ನಮ್ಮ ಲ್ಯಾಬಿಗೆ ಕರೆಸಿ, ರಕ್ತ ತೆಗೆದು, ಹೆಪ್ಪುಗಟ್ಟಿದ ಕೂಡಲೇ ಸೀರಮ್ ಬೇರ್ಪಡಿಸಿ ಐಸಿನ ಮೇಲೆಯೇ ಪರೀಕ್ಷೆಗಿಟ್ಟೆವು. ಆಗಲೂ ಸೊನ್ನೆ. ನನಗೆ ಬಲು ಪ್ರಿಯವಾದ ಒಂದು ಹಳೆಯ ಉಪಾಯವಿದೆ: ಆ ಸೀರಮ್ಮಿಗೆ ಆರೋಗ್ಯವಂತರ ಸೀರಮ್ ಸ್ವಲ್ಪವೇ ಸ್ವಲ್ಪ, ತಾನೊಂದೇ ಆದರೆ ಕಣ ಒಡೆಯಲಾಗದಷ್ಟು, ಬೆರೆಸುವುದು. ಬೆರೆಸಿದೆ, ಟ್ಯೂಬು ಕೆಂಪಾಯಿತು. ಅಂದರೆ ಅಲ್ಲಿ ಅಡ್ಡಿ ಮಾಡುವವರು ಯಾರೂ ಇಲ್ಲ, ಬೇಕಾದವರೊಬ್ಬರು ಇಲ್ಲ, ಅಷ್ಟೆ. ಇನ್ನೊಂದು ಪರೀಕ್ಷೆ ಎಎಚ್50, ಮೊಲದ ರಕ್ತಕಣಗಳಲ್ಲಿ ಮಾಡುವಂಥದ್ದು. ಅದು ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ, ಸಿ1, ಸಿ4, ಸಿ2ರ ಹಂಗು ಅದಕ್ಕಿಲ್ಲ. ಅದು ಸರಿಯಾಗಿಯೇ ಬಂತು. ಸಿ4 ಮೊದಲೇ ಸರಿಯಿತ್ತಲ್ಲ, ಉಳಿದದ್ದು ಸಿ1, ಸಿ2. ಸಿ1ರ ಒಂದು ಭಾಗವಾದ ಸಿ1ಕ್ಯೂ ಅಳೆದಾಗ ಏನೂ ಸಿಗಲಿಲ್ಲ. ಆಮೇಲೆ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು.

ರೋಗನಿರೋಧಕ ಪ್ರೋಟೀನು ಇಲ್ಲದಿದ್ದರೆ ಸೋಂಕು ಬರುವುದು ಸರಿ, ಮೈ ತನ್ನ ಮೇಲೆ ತಾನೇ ಏಕೆ ತಿರುಗಿಬೀಳಬೇಕು? ನನ್ನನ್ನೂ ಬಹಳ ಕಾಲ ಕಾಡಿದ ಪ್ರಶ್ನೆ. ದಿನವೂ ನಮ್ಮೊಳಗೆ ಸಾಯುವ ಜೀವಕೋಶಗಳಿಗೆ ಲೆಕ್ಕವಿಲ್ಲ. ಅವಕ್ಕೆ ಗುರುತು ಹಚ್ಚಿ, ನುಂಗುವ ಕೋಶಗಳಿಗೆ ಒಪ್ಪಿಸುವವರಲ್ಲಿ ಸಿ1ಕ್ಯೂ ಮುಖ್ಯ. ಅದಿಲ್ಲದಿದ್ದರೆ ಸತ್ತ ಕೋಶದ ಡಿಎನ್‌ಎ ಬಿದ್ದಲ್ಲೇ ಬಿದ್ದಿರುತ್ತದೆ, ಅದನ್ನೇ ಶತ್ರುವೆಂದು ಭಾವಿಸಿ ಆ್ಯಂಟಿಬಾಡಿ ಹುಟ್ಟುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. 1998ರಲ್ಲಿ ಲಂಡನ್ನಿನ ಮರೀನಾ ಬೊಟ್ಟೊ, ಮಾರ್ಕ್ ವಾಲ್ಪೋರ್ಟ್ ಮತ್ತಿತರರು ಸಿ1ಕ್ಯೂ ಇಲ್ಲದ ಇಲಿಗಳನ್ನು ಬೆಳೆಸಿ, ಅವುಗಳ ಕೆಟ್ಟ ಮೂತ್ರಪಿಂಡಗಳಲ್ಲಿ ವಿಲೇವಾರಿಯಾಗದ ಕೋಶಗಳನ್ನು ತೋರಿಸಿದರು. ಸಿ1ಕ್ಯೂ ಪೂರ್ತಿ ಇಲ್ಲದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಲೂಪಸ್ ಬರುತ್ತದೆ. ಸಿ4 ಇಲ್ಲದವರಿಗೆ ಅದಕ್ಕಿಂತ ಕಡಿಮೆ, ಸಿ2 ಇಲ್ಲದವರಿಗೆ ಇನ್ನೂ ಕಡಿಮೆ.

ಸರಪಳಿಯ ತುದಿಯವರು, ಸಿ5ರಿಂದ ಸಿ8, ಇಲ್ಲದಿದ್ದರೆ ಚಿತ್ರವೇ ಬೇರೆ. ಅವರಿಗೆ ಮೆನಿಂಗೊಕಾಕಸ್ ಒಂದೇ ದೊಡ್ಡ ಹಗೆ. ಎರಡನೇ ಸಲ ಮೆದುಳುಜ್ವರ ಬಂದ ಹರೆಯದವರ ರಕ್ತ ನಮ್ಮಲ್ಲಿಗೆ ಬರಬೇಕು, ಅದೂ ಜ್ವರ ಇಳಿದ ಮೇಲೆ. ಪತ್ತೆಯಾದರೆ ಅವರಿಗೆ ಲಸಿಕೆಯಿದೆ.

ಹುಡುಗಿಯ ತಾಯಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಜೊತೆಗೆ ಬಂದಿದ್ದ ಅಜ್ಜಿ ಆ ಹುಡುಗಿಗೆ ತಾಯಿಯ ತಾಯಿಯೂ ಹೌದು, ತಂದೆಯ ಅಕ್ಕನೂ ಹೌದು. “ನಮ್ಮ ಮನಿತನದಾಗ ಹಿಂಗ ಯಾರಿಗೂ ಆಗಿಲ್ಲ ನೋಡಪಾ” ಎಂದಳು. ಆಗಿರುವುದಿಲ್ಲ. ಜೀನಿನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಪ್ರತಿಯಿಂದ ಕೆಲಸ ನಡೆಯುತ್ತದೆ, ತಲೆಮಾರುಗಟ್ಟಲೆ ಯಾರಿಗೂ ತಿಳಿಯದು. ಎರಡೂ ಕೆಟ್ಟವೇ ಕೂಡಿದರೆ ಮಾತ್ರ ಹೀಗೆ; ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿರುವ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ. ಒಬ್ಬ ಪೂರ್ವಜರ ಒಂದೇ ಜೀನು ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಮಾವ–ಸೊಸೆ ಮದುವೆಯಲ್ಲಿ ಎಂಟರಲ್ಲೊಂದು, ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲೊಂದು. ನನ್ನ ಅಪ್ಪ–ಅಮ್ಮನೂ ಅತ್ತೆ–ಮಾವನ ಮಕ್ಕಳೇ. ಆ ಅಜ್ಜಿಗೆ ಉಪದೇಶ ಮಾಡಲು ನನಗೆ ಬಾಯಿ ಬರಲಿಲ್ಲ. ಹುಡುಗಿಯ ತಮ್ಮನ ಸಿಎಚ್50 ಸರಿ ಬಂತೆಂದು ಮನೆಯವರು ಹಿಗ್ಗಿದರು. ಅವನಿಗೆ ಈ ಕಾಯಿಲೆಯಿಲ್ಲ ನಿಜ, ಆದರೆ ಅವನಲ್ಲಿ ಒಂದು ಪ್ರತಿ ಕೆಟ್ಟಿದೆಯೋ ಇಲ್ಲವೋ ನನ್ನ ಕುರಿರಕ್ತ ಹೇಳಲಾರದು. ಅದಕ್ಕೆ ಜೀನ್ ಪರೀಕ್ಷೆಯೇ ಬೇಕು.

ಈಗ ಹುಡುಗಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್, ಬಿಸಿಲಿನಿಂದ ದೂರ, ಆಗಾಗ ಪ್ಲಾಸ್ಮಾ. ಪ್ಲಾಸ್ಮಾದಲ್ಲಿ ಬಂದ ಸಿ1ಕ್ಯೂ ಕೆಲವು ದಿನಗಳಲ್ಲೇ ಕರಗಿಹೋಗುತ್ತದೆ. ತಂಡದ ಹೆಚ್ಚಿನವರು ಲಿವರಿನಲ್ಲಿ ಹುಟ್ಟಿದರೆ, ಸಿ1ಕ್ಯೂ ಬಹುಮಟ್ಟಿಗೆ ಅಸ್ಥಿಮಜ್ಜೆಯಿಂದ ಬಂದ ಕೋಶಗಳಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಮಜ್ಜೆ ಕಸಿಯಿಂದ ಇದನ್ನು ವಾಸಿ ಮಾಡಬಹುದೆಂದು ಹೊರದೇಶಗಳಲ್ಲಿ ಕೆಲವು ಮಕ್ಕಳಲ್ಲಿ ತೋರಿಸಿದ್ದಾರೆ. ತಮ್ಮನ ಮಜ್ಜೆ ಹೊಂದುತ್ತದೆಯೇ ಎಂದು ನೋಡಲು ರಕ್ತ ಕೊಟ್ಟಿದ್ದಾರೆ.

ಮೊನ್ನೆ ಅವಳದೇ ಸ್ಯಾಂಪಲ್ ಮತ್ತೆ ಬಂತು, ಸೊನ್ನೆಯಲ್ಲ. “ಸುಧಾರಿಸಿದಾಳೆ ಸರ್” ಎಂದು ನಮ್ಮ ಹೊಸ ಹುಡುಗಿ ಖುಷಿಪಟ್ಟಳು. ಚೀಟಿ ತಿರುಗಿಸಿ ನೋಡಿದರೆ ಹಿಂದಿನ ದಿನ ಪ್ಲಾಸ್ಮಾ ಕೊಟ್ಟಿದ್ದರು. ಕಲೆಕ್ಷನ್ ಸೆಂಟರುಗಳಿಗೆ ನಾವು ಕಳಿಸುವ ಸೂಚನೆಯಲ್ಲಿ ಕೆಂಪು ಮುಚ್ಚಳ, ಬೇಗ ಬೇರ್ಪಡಿಸುವುದು, ಡ್ರೈ ಐಸ್ ಎಲ್ಲ ಮೊದಲೇ ಇದ್ದವು. ಈಗ ಇನ್ನೊಂದು ಸಾಲು ಸೇರಿಸಿದ್ದೇವೆ: ಪ್ಲಾಸ್ಮಾ ಕೊಟ್ಟಿದ್ದರೆ ಯಾವ ದಿನವೆಂದು ಬರೆಯಿರಿ.